ಬಸುರಿಯ ಏದುಸಿರು, ಬಾಣಂತಿಯ ಕೆಮ್ಮು



ಹೋದ ಸಂಚಿಕೆಯಲ್ಲಿ ಹಲಸಿನಕಾಯಿ ಹಪ್ಪಳದ ವಿಷಯ ಬರೆದಿದ್ದೆ. ನಿಮ್ಮಲ್ಲಿ ಹಲವರು ಮಾಡಿ ಡಬ್ಬಿ ತುಂಬಿಸಿ ಇಟ್ಟಿರಬಹುದು. ಈ ಸಲ ಅದೇ ಹಪ್ಪಳವನ್ನು ಯಾರ ತಟ್ಟೆಗೆ ಹಾಕಬಾರದು ಎಂಬುದನ್ನು ಹೇಳಬೇಕಾಗಿದೆ. ಅಡುಗೆ ಕೊನೆಯಲ್ಲಿದೆ, ಮೊದಲು ಸ್ವಲ್ಪ ಆರೋಗ್ಯದ ಮಾತು. ಮನೆಯಲ್ಲಿ ಬಸುರಿಯೋ ಬಾಣಂತಿಯೋ ಇದ್ದರೆ ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ.

ನಮ್ಮ ಗುಡವಿಯ ಕೆರೆಗೆ ಮಳೆಗಾಲ ಹಿಡಿಯುತ್ತಲೇ ಹಕ್ಕಿಗಳು ಬರುತ್ತವೆ. ಬಿಳಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ ಎಲ್ಲ ನೀರಿನ ನಡುವಿನ ಮರಗಳಲ್ಲಿ ಗೂಡು ಕಟ್ಟಿ ಮರಿ ಮಾಡುತ್ತವೆ. 2018ರ ಮಳೆಗಾಲದಲ್ಲಿ ನನ್ನ ಓರಗಿತ್ತಿಗೆ ಐದನೇ ತಿಂಗಳು. ಮೊದಲ ಬಸುರು. ಮದುವೆಯಾಗಿ ಬಂದು ವರ್ಷವಾಗಿದ್ದರೂ ಅವಳು ಹಕ್ಕಿ ನೋಡಿರಲಿಲ್ಲ. ಒಂದು ಸಂಜೆ ಮಳೆ ಬಿಟ್ಟಿದ್ದಾಗ ಕರೆದುಕೊಂಡು ಹೋದೆ. ಅಷ್ಟು ದೂರಕ್ಕೆ ಅವಳು ಮೂರು ಕಡೆ ನಿಂತಳು. "ಅಕ್ಕಾ, ಸ್ವಲ್ಪ ನಿಲ್ಲಿ, ಉಸಿರು ಸಿಗ್ತಾ ಇಲ್ಲ" ಅಂದಳು. ನಾನು ನಕ್ಕು, "ಎರಡು ಜೀವ ಅಲ್ವೇನೆ, ಇದೆಲ್ಲ ಇದ್ದದ್ದೇ. ನಾನೂ ಎರಡು ಹೆತ್ತವಳೇ" ಅಂದುಬಿಟ್ಟೆ. ಆ ಮಾತು ನೆನಪಾದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಆಮೇಲೆ ಹದಿನೈದು ದಿನ ಅವಳು ರಾತ್ರಿ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಮಲಗಿದರೆ ಕೆಮ್ಮು. ಅತ್ತೆಯವರು ಶೀತ ಅಂದುಕೊಂಡು ಶುಂಠಿ, ಮೆಣಸಿನ ಕಷಾಯ ಮಾಡಿ ಕೊಟ್ಟರು. ಮನೆಗೆ ಬಂದ ಆಶಾ ಕಾರ್ಯಕರ್ತೆ ತಾಯಿ ಕಾರ್ಡಿನಲ್ಲಿ ತೂಕ ಬರೆಯುತ್ತಾ, "ರಾತ್ರಿ ಅಂಗಾತ ಮಲಗೋಕೆ ಆಗುತ್ತೇನಮ್ಮಾ?" ಎಂದು ಕೇಳಿದಳು. ಆಗಲ್ಲ ಎಂದು ತಿಳಿದ ಕೂಡಲೇ ಪೆನ್ನು ಕೆಳಗಿಟ್ಟು, "ನಾಳೆಯೇ ಸೊರಬಕ್ಕೆ ಹೊರಡಿ, ಎದೆ ಪರೀಕ್ಷೆ ಆಗಲೇಬೇಕು" ಅಂದಳು.

ಸೊರಬದಲ್ಲಿ ಲೇಡಿ ಡಾಕ್ಟರು ಸ್ಟೆತೊಸ್ಕೋಪನ್ನು ಎಡಗಡೆ ಎದೆಯ ಮೇಲೆ ಬಹಳ ಹೊತ್ತು ಇಟ್ಟು ಕೇಳಿದರು. ಎಡಮಗ್ಗುಲಿಗೆ ತಿರುಗಿಸಿ ಮತ್ತೆ ಕೇಳಿದರು. ಆಮೇಲೆ, "ಚಿಕ್ಕವಳಿದ್ದಾಗ ಕೀಲು ಊದಿ ಜ್ವರ ಬಂದಿತ್ತಾ?" ಎಂದರು. ಇವಳು ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ಆಗ ಹೊರಗೆ ಬಂತು ನೋಡಿ ವಿಷಯ. ಹನ್ನೊಂದು ವರ್ಷಕ್ಕೆ ಆ ಜ್ವರ ಬಂದು ಹೃದಯಕ್ಕೆ ತಾಗಿತ್ತು. ಮೂರು ವಾರಕ್ಕೊಂದು ಇಂಜೆಕ್ಷನ್ ತೆಗೆದುಕೊಳ್ಳಬೇಕೆಂದು ಹೇಳಿದ್ದರು. ಮದುವೆಯ ಮಾತುಕತೆ ಶುರುವಾದಾಗ ತವರಿನಲ್ಲಿ ನಿಲ್ಲಿಸಿಬಿಟ್ಟರು. ಹುಡುಗಿಗೆ ಹೃದಯದ ಕಾಯಿಲೆ ಅಂದರೆ ಯಾರು ಮಾಡಿಕೊಳ್ತಾರೆ ಎಂಬ ಹೆದರಿಕೆ. ಗಂಡನ ಮನೆಯಲ್ಲಿ ಇದ್ದುಕೊಂಡು ಮೂರು ವಾರಕ್ಕೊಮ್ಮೆ ಇಂಜೆಕ್ಷನ್‌ಗೆ ಹೋದರೆ ಗುಟ್ಟು ಉಳಿಯುತ್ತದೆಯೇ? "ಅಕ್ಕಾ, ನೀವು ಬಯ್ತೀರಿ ಅಂತ ಹೇಳಲಿಲ್ಲ" ಎಂದು ಅಲ್ಲೇ ಅತ್ತಳು. ಬಯ್ಯುವ ಬಾಯಿ ನನಗೆಲ್ಲಿತ್ತು ಹೇಳಿ?

ಏನಿದು ಕಾಯಿಲೆ?

ಇದರ ಬೇರು ಮಕ್ಕಳ ಗಂಟಲು ನೋವಿನಲ್ಲಿದೆ. 5ರಿಂದ 15 ವರ್ಷದ ಮಕ್ಕಳಿಗೆ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಗಂಟಲು ನೋವು ಬಂದು ಸರಿಯಾಗಿ ಔಷಧವಾಗದಿದ್ದರೆ, ಎರಡು ಮೂರು ವಾರದ ಮೇಲೆ ಕೆಲವರಿಗೆ ಜ್ವರ ಬಂದು ಮಂಡಿ, ಮೊಣಕೈ, ಕಾಲಿನ ಹರಡು ಊದಿಕೊಳ್ಳುತ್ತವೆ. ಇವತ್ತು ಈ ಕೀಲು, ನಾಳೆ ಆ ಕೀಲು. ಇದೇ ರುಮ್ಯಾಟಿಕ್ ಜ್ವರ. ಊತ ತಾನಾಗಿಯೇ ಇಳಿದು ಮಗು ಮತ್ತೆ ಓಡಾಡುತ್ತದೆ, ನಾವು ಮರೆತುಬಿಡುತ್ತೇವೆ. ಆದರೆ ಅದು ಹೃದಯದೊಳಗಿನ ಕವಾಟಗಳಿಗೆ ಗಾಯ ಮಾಡಿರುತ್ತದೆ. ಜ್ವರ ಮರುಕಳಿಸಿದಷ್ಟೂ ಗಾಯ ಹೆಚ್ಚು. ವರ್ಷಗಳು ಕಳೆದಂತೆ ಕವಾಟದ ಅಂಚು ದಪ್ಪಗಾಗಿ ಒಂದಕ್ಕೊಂದು ಅಂಟಿಕೊಂಡು ಬಾಗಿಲು ಕಿರಿದಾಗುತ್ತದೆ. ನಮ್ಮ ದೇಶದಲ್ಲಿ ಬಸುರಿಯರ ಹೃದಯದ ಕಾಯಿಲೆಗೆ ಬಹಳ ಮಟ್ಟಿಗೆ ಇದೇ ಕಾರಣ.

ಹೆಚ್ಚಾಗಿ ಕೆಡುವುದು ಎಡಭಾಗದ ಮೈಟ್ರಲ್ ಕವಾಟ. ಸಾಮಾನ್ಯವಾಗಿ ಅದರ ಬಾಗಿಲು 4ರಿಂದ 6 ಚದರ ಸೆಂಟಿಮೀಟರ್ ಇರುತ್ತದೆ. ಒಂದೂವರೆಗೆ ಇಳಿಯಿತೆಂದರೆ ಕಾಯಿಲೆ ತೀವ್ರವಾಗಿದೆ ಎಂದು ಅರ್ಥ. ಕೆರೆಯಿಂದ ನೀರು ಹೊರಗೆ ಹೋಗುವ ದಾರಿ ಕಟ್ಟಿಕೊಂಡರೆ ಹಿಂದಿನ ಗದ್ದೆಗಳಿಗೆ ನೀರು ನುಗ್ಗುತ್ತದಲ್ಲ, ಹಾಗೆಯೇ ಇಲ್ಲೂ ರಕ್ತ ಹಿಂದಕ್ಕೆ ಒತ್ತಿ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮಲಗಿದರೆ ಉಸಿರು ಕಟ್ಟುವುದು, ಕೆಮ್ಮು ಬರುವುದು ಅದಕ್ಕೇ.

ಬಸುರಿಲ್ಲದಾಗ ಹೇಗೋ ನಿಭಾಯಿಸುತ್ತಿದ್ದ ಹೃದಯ ಬಸುರಿನಲ್ಲೇ ಯಾಕೆ ಸೋಲುತ್ತದೆ? ಬಸುರಿಯ ಮೈಯಲ್ಲಿ ರಕ್ತದ ಪ್ರಮಾಣ ನೂರಕ್ಕೆ 40ರಿಂದ 50ರಷ್ಟು ಹೆಚ್ಚಾಗುತ್ತದೆ. ಏಳು, ಎಂಟನೇ ತಿಂಗಳ ಹೊತ್ತಿಗೆ ಅದು ತುದಿ ಮುಟ್ಟುತ್ತದೆ. ನಾಡಿಯೂ ಜೋರಾಗುತ್ತದೆ. ಕಿರಿದಾದ ಬಾಗಿಲಲ್ಲಿ ಅಷ್ಟು ರಕ್ತ ಹಾಯಬೇಕು. ಎಷ್ಟೋ ಹೆಣ್ಣುಮಕ್ಕಳಿಗೆ ತಮಗೆ ಹೃದಯದ ಕಾಯಿಲೆ ಇದೆ ಎಂದು ಗೊತ್ತಾಗುವುದೇ ಮೊದಲ ಬಸುರಿನಲ್ಲಿ.

ಯಾವುದು ಸಹಜ, ಯಾವುದು ಅಲ್ಲ?

ಬಸುರಿನಲ್ಲಿ ಸ್ವಲ್ಪ ಏದುಸಿರು, ಸಂಜೆ ಪಾದ ಊದುವುದು ಎಲ್ಲರಿಗೂ ಇರುತ್ತದೆ. ಅದಕ್ಕೆ ಹೆದರಬೇಡಿ. ಆದರೆ ಈ ಕೆಳಗಿನದು ಯಾವುದಾದರೂ ಒಂದು ಕಂಡರೂ ಅದೇ ದಿನ ಡಾಕ್ಟರಿಗೆ ತೋರಿಸಿ.

ಅಂಗಾತ ಮಲಗಲು ಆಗದೆ ದಿಂಬಿನ ಮೇಲೆ ದಿಂಬು ಬೇಕಾಗುವುದು. ನಡುರಾತ್ರಿ ಉಸಿರು ಕಟ್ಟಿ ಎದ್ದು ಕೂರುವುದು. ಬಿಡದ ಕೆಮ್ಮು, ಕಫದಲ್ಲಿ ರಕ್ತದ ಎಳೆ. ಹೋದ ವಾರ ಸಲೀಸಾಗಿ ಮಾಡಿದ ಕೆಲಸಕ್ಕೆ ಈ ವಾರ ಮೇಲುಸಿರು. ಸುಮ್ಮನೆ ಕೂತಾಗಲೂ ಎದೆ ಡವಡವ ಹೊಡೆದುಕೊಳ್ಳುವುದು. ತಲೆ ತಿರುಗಿ ಬೀಳುವುದು. ಎದೆನೋವು. ಎರಡು ಮೂರು ದಿನದಲ್ಲೇ ಒಂದೆರಡು ಕಿಲೋ ತೂಕ ಏರಿ ಮೈ ಊದುವುದು. ಕೂತಲ್ಲೇ ಉಸಿರಿಗೆ ಒದ್ದಾಡುತ್ತಿದ್ದರೆ ಮಲಗಿಸಬೇಡಿ, ಒರಗಿಸಿ ಕೂರಿಸಿ, ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು. ತಪಾಸಣೆಗೆ ಹೋದಾಗ ಹೊಟ್ಟೆ ನೋಡಿಸಿಕೊಂಡು, ಬಿ.ಪಿ. ನೋಡಿಸಿಕೊಂಡು ಬಂದುಬಿಡುತ್ತೇವೆ. "ನನ್ನ ಎದೆಯನ್ನೂ ಒಮ್ಮೆ ನೋಡಿ ಡಾಕ್ಟರೇ" ಎಂದು ಬಾಯಿ ಬಿಟ್ಟು ಕೇಳಿ. ಸಂಕೋಚ ಬೇಡ. ಈ ಸ್ಟೆತೊಸ್ಕೋಪ್ ಹುಟ್ಟಿದ್ದೇ ಒಬ್ಬ ಹೆಣ್ಣುಮಗಳ ದೆಸೆಯಿಂದ. 1816ರಲ್ಲಿ ಪ್ಯಾರಿಸಿನ ಲೆನೆಕ್ ಎಂಬ ವೈದ್ಯರ ಬಳಿ ಹೃದಯದ ತೊಂದರೆಯ ಯುವತಿಯೊಬ್ಬಳು ಬಂದಳಂತೆ. ಆಗೆಲ್ಲ ಎದೆಗೆ ಕಿವಿ ಇಟ್ಟೇ ಕೇಳಬೇಕಿತ್ತು. ಅದು ಸರಿಯಲ್ಲ ಎನಿಸಿ ಅವರು ಕಾಗದವನ್ನು ಕೊಳವೆಯಂತೆ ಸುತ್ತಿ ಅದರ ಮೂಲಕ ಕೇಳಿದರು. ಸದ್ದು ಇನ್ನೂ ಸ್ಪಷ್ಟವಾಗಿ ಕೇಳಿಸಿತು! ನಮ್ಮ ಸಂಕೋಚಕ್ಕೆಂದೇ ಇನ್ನೂರು ವರ್ಷದ ಹಿಂದೆ ಬಂದ ಸಾಧನ ಅದು. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ನೇ ತಾರೀಕು ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ, 2016ರಲ್ಲಿ ಶುರುವಾದದ್ದು. ಆ ದಿನವಾದರೂ ತಪ್ಪದೆ ಹೋಗಿ. ಡಾಕ್ಟರಿಗೆ ಅನುಮಾನ ಬಂದರೆ ಎಕೋ ಮಾಡಿಸುತ್ತಾರೆ. ಹೊಟ್ಟೆಯ ಸ್ಕ್ಯಾನಿಂಗಿನ ಹಾಗೆಯೇ ಅದೂ, ಮಗುವಿಗೆ ಏನೂ ಆಗುವುದಿಲ್ಲ.

ಬಸುರಿನಲ್ಲಿ ಆರೈಕೆ

ನನ್ನ ಓರಗಿತ್ತಿಗೆ ಶಿವಮೊಗ್ಗದಲ್ಲಿ ಎಕೋ ಆಯಿತು. ಬಾಗಿಲು ಒಂದು ಚದರ ಸೆಂಟಿಮೀಟರಿಗಿಂತ ಕಡಿಮೆ. ನಾಡಿ ನಿಧಾನ ಮಾಡುವ ಮಾತ್ರೆ, ಮೈಯ ನೀರು ಇಳಿಸುವ ಮಾತ್ರೆ ಕೊಟ್ಟರು. ನಿಲ್ಲಿಸಿದ್ದ ಪೆನಿಸಿಲಿನ್ ಇಂಜೆಕ್ಷನ್ ಮತ್ತೆ ಶುರುವಾಯಿತು. ಬಸುರಿನಲ್ಲೂ ಅದನ್ನು ಕೊಡಬಹುದಂತೆ. ಎಡಮಗ್ಗುಲಿಗೆ ಮಲಗು, ಮಧ್ಯಾಹ್ನ ಎರಡು ಗಂಟೆ ವಿಶ್ರಾಂತಿ, ಭಾರ ಎತ್ತಬೇಡ, ಉಪ್ಪು ಕಡಿಮೆ ಮಾಡು, ಕಬ್ಬಿಣದ ಮಾತ್ರೆ ತಪ್ಪಿಸಬೇಡ ಎಂದರು. ರಕ್ತಹೀನತೆ ಇದ್ದರೆ ಹೃದಯಕ್ಕೆ ದುಡಿತ ಇನ್ನೂ ಹೆಚ್ಚು.

ಮಾತ್ರೆಯಲ್ಲೂ ಉಸಿರು ಸುಧಾರಿಸಲಿಲ್ಲ. ಆಗ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಕಳಿಸಿದರು. ಈಗ ಮೈಸೂರು, ಕಲಬುರಗಿಯಲ್ಲೂ ಅದರ ಆಸ್ಪತ್ರೆಗಳಿವೆ. ಎದೆ ಕೊಯ್ಯುತ್ತಾರೆ ಎಂದು ನಮ್ಮ ಮೈದುನ ಬಿಳುಚಿಕೊಂಡಿದ್ದ. ಎದೆ ಕೊಯ್ಯಲಿಲ್ಲ. ತೊಡೆಯ ಸಂದಿನ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಅದರ ತುದಿಯ ಬಲೂನನ್ನು ಕವಾಟದ ನಡುವೆ ಉಬ್ಬಿಸಿ, ಅಂಟಿಕೊಂಡ ಅಂಚುಗಳನ್ನು ಬಿಡಿಸುತ್ತಾರೆ. ಜಪಾನಿನ ಇನೋಯೆ ಎಂಬ ಸರ್ಜನ್ 1982ರಲ್ಲಿ ಮೊದಲು ಮಾಡಿ ತೋರಿಸಿದ ವಿಧಾನ ಇದು. ಎಕ್ಸ್‌ರೇ ಮಗುವಿಗೆ ತಾಗದಿರಲೆಂದು ಹೊಟ್ಟೆಗೆ ಸೀಸದ ಹೊದಿಕೆ ಹಾಕುತ್ತಾರೆ. ಐದು ತಿಂಗಳು ಕಳೆದ ಮೇಲೆ ಮಾಡುವುದು ವಾಡಿಕೆ. ಎಲ್ಲರ ಕವಾಟಕ್ಕೂ ಇದು ಹೊಂದುವುದಿಲ್ಲ, ಅದನ್ನು ಡಾಕ್ಟರೇ ನಿರ್ಧರಿಸಬೇಕು. ಇವಳಿಗೆ ಆರನೇ ತಿಂಗಳಲ್ಲಿ ಆಯಿತು. ಮಾರನೆಯ ರಾತ್ರಿ ಅವಳು ಒಂದೇ ದಿಂಬಿನಲ್ಲಿ ಮಲಗಿ ನಿದ್ದೆ ಮಾಡಿದಳು. ನಾನು ಮಂಚದ ಪಕ್ಕ ಕೂತು ಆ ಉಸಿರನ್ನೇ ನೋಡುತ್ತಿದ್ದೆ.

ಖರ್ಚಿಗೆ ಹೆದರಿ ಹಿಂದೆಗೆಯಬೇಡಿ. ಬಡ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ರೇಷನ್ ಕಾರ್ಡು, ಆಧಾರ್, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಒಂದೇ ಚೀಲದಲ್ಲಿ ಜೋಡಿಸಿ ಇಟ್ಟುಕೊಳ್ಳಿ.

ಹಿಂದೆಯೇ ಲೋಹದ ಕವಾಟ ಹಾಕಿಸಿಕೊಂಡ ಹೆಣ್ಣುಮಕ್ಕಳಿಗೆ ಒಂದು ಎಚ್ಚರಿಕೆ. ನೀವು ನುಂಗುವ ರಕ್ತ ತೆಳುವಾಗಿಸುವ ಮಾತ್ರೆ ಮೊದಲ ತಿಂಗಳುಗಳಲ್ಲಿ ಮಗುವಿಗೆ ತೊಂದರೆ ಮಾಡಬಹುದು. ನೀವಾಗಿಯೇ ನಿಲ್ಲಿಸಿದರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಿ ನಿಮ್ಮ ಜೀವಕ್ಕೇ ಅಪಾಯ. ಆದ್ದರಿಂದ ಮಗು ಬೇಕೆಂದು ಮನಸ್ಸು ಮಾಡುವ ಮೊದಲೇ ಡಾಕ್ಟರನ್ನು ಕಾಣಿ. ಮುಟ್ಟು ತಪ್ಪಿದರೆ ಆ ವಾರವೇ ಹೋಗಿ.

ಹೆರಿಗೆ ಆಯಿತು, ಇನ್ನೇನು ಭಯವಿಲ್ಲ ಎನ್ನಬೇಡಿ

ಹೃದಯದ ಕಾಯಿಲೆಯವರ ಹೆರಿಗೆ ಮನೆಯಲ್ಲಾಗಲಿ ಸಣ್ಣ ಆಸ್ಪತ್ರೆಯಲ್ಲಾಗಲಿ ಆಗಬಾರದು. ಹೃದಯದ ಡಾಕ್ಟರು, ಹೆರಿಗೆ ಡಾಕ್ಟರು, ಅರಿವಳಿಕೆ ಡಾಕ್ಟರು ಮೂವರೂ ಇರುವ ಕಡೆಗೆ ಮುಂಚಿತವಾಗಿಯೇ ಹೋಗಿ ಸೇರಬೇಕು. ಎಲ್ಲರಿಗೂ ಸಿಸೇರಿಯನ್ನೇ ಆಗಬೇಕೆಂದಿಲ್ಲ. ಬಹಳ ಮಂದಿಗೆ ಸಹಜ ಹೆರಿಗೆಯೇ ಒಳ್ಳೆಯದು, ನೋವು ಕಡಿಮೆ ಮಾಡಿ, ಹೆಚ್ಚು ಮುಕ್ಕದ ಹಾಗೆ ನೋಡಿಕೊಂಡು ಮಾಡಿಸುತ್ತಾರೆ. ನನ್ನ ಓರಗಿತ್ತಿಗೂ ಶಿವಮೊಗ್ಗದಲ್ಲಿ ಹಾಗೆಯೇ ಆಯಿತು. ಹೆಣ್ಣು ಮಗು.

ಮಗು ಹೊರಗೆ ಬಂತು, ಗೆದ್ದೆವು ಎಂದುಕೊಂಡೆವು ನಾವೆಲ್ಲ. ಆದರೆ ಡಾಕ್ಟರು ಅವಳನ್ನು ಬಿಟ್ಟು ಕದಲಲಿಲ್ಲ. ಹೆರಿಗೆಯಾದ ಕೂಡಲೇ ಗರ್ಭಕೋಶ ಮುದುಡಿ, ಅಲ್ಲಿ ಓಡಾಡುತ್ತಿದ್ದ ರಕ್ತವೆಲ್ಲ ಒಮ್ಮೆಗೇ ಹೃದಯದ ಕಡೆ ನುಗ್ಗುತ್ತದೆ. ಆ ಮೊದಲ ಮೂರು ದಿನಗಳೇ ಬಹಳ ಜೋಕೆಯ ದಿನಗಳು. ಮನೆಗೆ ಕಳಿಸಿ ಎಂದು ಅವಸರ ಮಾಡಬೇಡಿ.

ಅಲ್ಲಿಗೂ ಮುಗಿಯಲಿಲ್ಲ. ಬಾಣಂತನಕ್ಕೆ ಅವಳು ತವರಿಗೆ ಹೋದಳು. ಹಾಲಿಗೆ ಮಾತ್ರೆ ಸೇರುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಮಾತ್ರೆ ನಿಲ್ಲಿಸಿದರು. ದಿನಾ ಹಂಡೆಗಟ್ಟಲೆ ಕುದಿಕುದಿಯುವ ನೀರಿನ ಸ್ನಾನ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡ, ಹೊಗೆ. ಅನ್ನಕ್ಕೆ ಉಪ್ಪಿನಕಾಯಿ, ಹಪ್ಪಳ. ಹನ್ನೆರಡನೆಯ ದಿನ ರಾತ್ರಿ ಮತ್ತೆ ಕೆಮ್ಮು, ಮತ್ತೆ ಗೋಡೆಗೊರಗಿ ಕೂತಳು. ಬಾಣಂತಿಗೆ ಶೀತ ಆಗಿದೆ, ಇನ್ನೊಂದು ಕೊಡ ನೀರು ಹಾಕೋಣ ಎಂದರಂತೆ. ಈ ಸಲ ಅವಳು ಸುಮ್ಮನಿರಲಿಲ್ಲ. ತಾನೇ ಗಂಡನಿಗೆ ಫೋನ್ ಮಾಡಿ, "ಇದು ಶೀತ ಅಲ್ಲ, ಆವತ್ತಿನ ಥರಾನೇ ಆಗ್ತಿದೆ, ಗಾಡಿ ತಗೊಂಡು ಬನ್ನಿ" ಎಂದಳು. ಆ ರಾತ್ರಿಯೇ ಆಸ್ಪತ್ರೆಗೆ ಸೇರಿಸಿದ್ದಕ್ಕೆ ಉಳಿದಳು. ತವರಿನವರನ್ನು ದೂರುವುದಿಲ್ಲ ನಾನು. ಪ್ರೀತಿಯಿಂದಲೇ ಮಾಡಿದ್ದು. ನಮ್ಮ ಅಮ್ಮ ನನಗೂ ಹಾಗೆಯೇ ಮಾಡಿದ್ದರು.

ಇಂಥ ಪದ್ಧತಿ ನಮ್ಮಲ್ಲಿ ಮಾತ್ರ ಇಲ್ಲ. ಆಫ್ರಿಕಾದ ನೈಜೀರಿಯಾ ದೇಶದ ಉತ್ತರ ಭಾಗದಲ್ಲಿ ಹೌಸಾ ಜನ ಬಾಣಂತಿಗೆ ನಲವತ್ತು ದಿನ ಬಿಸಿನೀರಿನ ಸ್ನಾನ, ಕೆಳಗೆ ಬೆಂಕಿ ಹಾಕಿದ ಮಣ್ಣಿನ ಹಾಸಿಗೆ, ಕೆರೆಯ ಉಪ್ಪು ಬೆರೆಸಿದ ಗಂಜಿ ಕೊಡುತ್ತಿದ್ದರು. ಅಲ್ಲಿ ಬಾಣಂತಿಯರಲ್ಲಿ ಹೃದಯ ಸೋಲುವುದು ಬಹಳ ಹೆಚ್ಚಿತ್ತು. ಈ ಉಪ್ಪು ಮತ್ತು ಶಾಖಕ್ಕೂ ಅದಕ್ಕೂ ಸಂಬಂಧವಿರಬಹುದೆಂದು 1970ರ ದಶಕದಲ್ಲೇ ವೈದ್ಯರು ಬರೆದರು. ಅದೊಂದೇ ಕಾರಣವಲ್ಲ ಎಂದು ಆಮೇಲಿನವರು ಹೇಳಿದರೂ ದುರ್ಬಲ ಹೃದಯಕ್ಕೆ ಉಪ್ಪು, ಅತಿ ಶಾಖ ಎರಡೂ ಆಗದು ಎಂಬುದರಲ್ಲಿ ಅನುಮಾನವಿಲ್ಲ.

ಮೊದಲಿನಿಂದ ಯಾವ ಕಾಯಿಲೆಯೂ ಇಲ್ಲದವರಿಗೂ ಬಸುರಿನ ಕೊನೆಯ ತಿಂಗಳಿಂದ ಹೆರಿಗೆಯಾದ ಐದು ತಿಂಗಳೊಳಗೆ ಹೃದಯದ ಸ್ನಾಯು ಸೋಲುವುದುಂಟು. ಇದು ಅಪರೂಪ. ಆದರೆ ಬಂದಾಗ ಬಾಣಂತಿ ನಂಜು, ಆಸ್ತಮಾ, ನಿಶ್ಶಕ್ತಿ ಎಂದು ಹೆಸರಿಟ್ಟು ದಿನ ಕಳೆಯುತ್ತೇವೆ. ಬೇಗ ಚಿಕಿತ್ಸೆಯಾದರೆ ಬಹಳ ಮಂದಿ ಚೇತರಿಸಿಕೊಳ್ಳುತ್ತಾರೆ. ಇಂಥವರು ಡಾಕ್ಟರನ್ನು ಕೇಳದೆ ಮತ್ತೊಂದು ಮಗುವಿನ ಯೋಚನೆ ಮಾಡಬಾರದು.

ಹಾಗಾದರೆ ಹೃದಯದ ತೊಂದರೆ ಇದ್ದವಳ ಬಾಣಂತನ ಹೇಗೆ? ಉಗುರು ಬೆಚ್ಚಗಿನ ನೀರಿನ ಚಿಕ್ಕ ಸ್ನಾನ ಸಾಕು. ಕೋಣೆಗೆ ಗಾಳಿ ಬೆಳಕು ಇರಲಿ, ಹೊಗೆ ಬೇಡ. ಹಗಲೆಲ್ಲ ಮಲಗಿಸಬೇಡಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ಮನೆಯೊಳಗೆ ಮೆಲ್ಲಗೆ ಓಡಾಡಲಿ. ನೀರು ಎಷ್ಟು ಕುಡಿಯಬೇಕೆಂದು ಡಾಕ್ಟರನ್ನೇ ಕೇಳಿ. ಪೂರ್ತಿ ನಿಲ್ಲಿಸುವುದೂ ತಪ್ಪು, ಚೊಂಬುಗಟ್ಟಲೆ ಕುಡಿಸುವುದೂ ತಪ್ಪು. ಹಾಲುಣಿಸುವುದನ್ನು ಬಹಳ ಮಂದಿ ಮಾಡಬಹುದು, ಯಾವ ಮಾತ್ರೆಯ ಜೊತೆ ಆಗುತ್ತದೆ ಎಂದು ಆಸ್ಪತ್ರೆಯಲ್ಲೇ ಬರೆಸಿಕೊಂಡು ಬನ್ನಿ. ರಾತ್ರಿ ಮಗುವಿಗೆ ಬಟ್ಟೆ ಬದಲಿಸುವುದನ್ನು ಬೇರೆ ಯಾರಾದರೂ ಮಾಡಲಿ, ಅಪ್ಪನಾದರೂ ಆದೀತು. ಮತ್ತೆ ಬಸುರಾಗದ ಉಪಾಯವನ್ನು ಮನೆಗೆ ಬರುವ ಮೊದಲೇ ಕೇಳಿ. ಹೃದಯದ ಕಾಯಿಲೆಯವರು ಗರ್ಭನಿರೋಧಕ ಮಾತ್ರೆಯನ್ನು ತಾವಾಗಿಯೇ ಅಂಗಡಿಯಿಂದ ತಂದು ನುಂಗಬಾರದು. ಇನ್ನು ಮಕ್ಕಳು ಸಾಕೆಂದರೆ ಗಂಡಸರಿಗೂ ಆಪರೇಷನ್ ಇದೆ, ಅದು ಹೆಂಗಸರದ್ದಕ್ಕಿಂತ ಸುಲಭ. ಈ ಸಾಲನ್ನು ಯಜಮಾನರಿಗೂ ತೋರಿಸಿ!

ಮುಚ್ಚಿಡಬೇಡಿ

ಹೆಣ್ಣು ಹೆತ್ತ ತಾಯಂದಿರೇ, ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಕಾಯಿಲೆಯನ್ನು ಮುಚ್ಚಿಟ್ಟು ಮದುವೆ ಮಾಡಿದರೆ ಹುಡುಗಿಗೆ ಇಂಜೆಕ್ಷನ್ನೂ ಇಲ್ಲ, ಹೇಳಿಕೊಳ್ಳಲು ಜನವೂ ಇಲ್ಲ. ಮದುವೆಗೆ ಮೊದಲು ಎಕೋ ಮಾಡಿಸಿ, ಬಸುರು ತಡೆಯುವ ಶಕ್ತಿ ಹೃದಯಕ್ಕಿದೆಯೇ ಎಂದು ಕೇಳಿ. ಕವಾಟ ಸರಿಪಡಿಸಿಕೊಂಡು ಆಮೇಲೆ ಮಗು ಪಡೆಯಬಹುದು. ಸೊಸೆ ತಂದುಕೊಂಡ ಅತ್ತೆಯಂದಿರೇ, ಅವಳು ಹೇಳಿದರೆ ಮೋಸ ಮಾಡಿದರು ಎಂದು ಹಾರಾಡಬೇಡಿ. ನೀವು ಹಾರಾಡುತ್ತೀರಿ ಎಂಬ ಭಯಕ್ಕೇ ಅವಳು ಬಾಯಿ ಮುಚ್ಚಿಕೊಳ್ಳುವುದು. ನಮ್ಮ ಅತ್ತೆಯವರು ಎರಡು ದಿನ ಮುಖ ಊದಿಸಿಕೊಂಡಿದ್ದರು, ಇಲ್ಲವೆನ್ನಲಾರೆ. ಮೂರನೆಯ ದಿನ ಅವರೇ ಅವಳಿಗೆ ಬೇರೆ ಪಾತ್ರೆಯಲ್ಲಿ ಉಪ್ಪು ಕಡಿಮೆ ಹಾಕಿ ಸಾರು ಮಾಡಿದರು.

ಈಗ ಮಗು ಶಾಲೆಗೆ ಹೋಗುತ್ತಾಳೆ. ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಜೊತೆಗೆ 21 ದಿನಕ್ಕೊಂದು ಕೆಂಪು ಸುತ್ತು ಇದೆ, ಅವಳ ಇಂಜೆಕ್ಷನ್ ದಿನ. ನಾನು ಮರೆತರೂ ಅತ್ತೆಯವರು ಮರೆಯುವುದಿಲ್ಲ. ಮಗುವಿಗೆ ಗಂಟಲು ನೋವು ಎಂದರೆ ಕಷಾಯಕ್ಕೆ ನಿಲ್ಲದೆ ಡಾಕ್ಟರ ಬಳಿಗೆ ಹೊರಡುವವರೂ ಅವರೇ.

ಈ ಸಲದ ಅಡುಗೆ: ಉಪ್ಪು ಕಡಿಮೆಯ ಜೀರಿಗೆ ಮೆಣಸಿನ ಸಾರು

ಬೇಕಾಗುವುದು: ತೊಗರಿಬೇಳೆ ಕಟ್ಟು 1 ಲೋಟ, ನೀರು 1 ಲೋಟ, ಕಾಳುಮೆಣಸು 8, ಜೀರಿಗೆ 1 ಚಮಚ, ಟೊಮೆಟೊ ಅರ್ಧ, ಅರಿಶಿನ ಚಿಟಿಕೆ, ಬೆಳ್ಳುಳ್ಳಿ 4 ಎಸಳು, ಕರಿಬೇವು, ತುಪ್ಪ 1 ಚಮಚ, ನಿಂಬೆಹಣ್ಣು ಅರ್ಧ ಹೋಳು, ಉಪ್ಪು ಕಾಲು ಚಮಚ.

ಮಾಡುವ ಕ್ರಮ: ಮೆಣಸು, ಜೀರಿಗೆಯನ್ನು ಬೆಚ್ಚಗೆ ಹುರಿದು ತರಿತರಿಯಾಗಿ ಕುಟ್ಟಿ. ಬೇಳೆ ಕಟ್ಟಿಗೆ ನೀರು, ಹೆಚ್ಚಿದ ಟೊಮೆಟೊ, ಅರಿಶಿನ ಹಾಕಿ ಕುದಿಸಿ. ಟೊಮೆಟೊ ಬೆಂದ ಮೇಲೆ ಕುಟ್ಟಿದ ಪುಡಿ ಮತ್ತು ಉಪ್ಪು ಹಾಕಿ ಒಂದು ಕುದಿ ಬರಿಸಿ ಇಳಿಸಿ. ತುಪ್ಪದಲ್ಲಿ ಜಜ್ಜಿದ ಬೆಳ್ಳುಳ್ಳಿ, ಕರಿಬೇವು ಕೆಂಪಗೆ ಹುರಿದು ಒಗ್ಗರಣೆ ಕೊಡಿ. ಇಳಿಸಿದ ಮೇಲೆಯೇ ನಿಂಬೆರಸ ಹಿಂಡಿ. ಹುಳಿ, ಘಮ ಎರಡೂ ಇದ್ದರೆ ನಾಲಿಗೆ ಉಪ್ಪನ್ನು ಅಷ್ಟಾಗಿ ಕೇಳುವುದಿಲ್ಲ. ಇದು ಇಬ್ಬರಿಗೆ ಸಾಕು. ಅನ್ನಕ್ಕೆ ಉಪ್ಪು ಹಾಕಬೇಡಿ. ಹಪ್ಪಳ, ಸಂಡಿಗೆ, ಬಾಳಕದ ಮೆಣಸು, ಅಪ್ಪೆಮಿಡಿ ಉಳಿದವರ ತಟ್ಟೆಗಿರಲಿ.

ಮುಂದಿನ ಸಂಚಿಕೆಯಲ್ಲಿ ಕೆಸುವಿನ ಎಲೆಯ ಪತ್ರೊಡೆ, ಗಂಟಲು ಕೆರೆಯದ ಹಾಗೆ ಮಾಡುವ ಬಗೆ. ಬರಲೇ?